ಬರಲಿರುವ ಡಬ್ಬಿ

ಹೊರಗಿನ ಸದ್ದು ಬಾರದಿರಲೆಂದು ಅಜಯಕುಮಾರ ತಲೆಯ ಮೇಲೆ ಹೊದಿಸಿದ್ದ ಕೌದಿಯನ್ನು ರುಕ್ಮಿಣಿಬಾಯಿ ಕಿತ್ತೆಸೆದು ಎದ್ದು ಕೂತಳು. "ಏನಲೇ ಇದು, ಹೆಣಕ್ಕ ಹೊಚ್ಚಿದಂಗ ಹೊಚ್ಚಿ ಹಾಡು ಅಂತೀ! ಕೈಯಾಗ ಹಿಟ್ಟಿಲ್ಲಂದ್ರ ನಂಗ ಹಾಡು ಬರಂಗಿಲ್ಲ."

ಅಜಯಕುಮಾರ ಗೋಡೆಯ ಗಡಿಯಾರ ನೋಡಿದ. ಎಂಟೂವರೆ. ಹತ್ತಕ್ಕೆ ಕಲಬುರಗಿಗೆ ಹೋಗುವ ಜೀಪು ಮಟಕಿ ಊರಿನ ಅವರ ಓಣಿಗೆ ಬರುತ್ತದೆ. ಮಧ್ಯಾಹ್ನದೊಳಗೆ ದೊಡ್ಡವ್ವ ರುಕ್ಮಿಣಿಬಾಯಿ ಆಸ್ಪತ್ರೆಗೆ ಸೇರಬೇಕು. ನಾಳೆ ಬೆಳಿಗ್ಗೆ ಗಂಟಲಿನ ಗಡ್ಡೆ ತೆಗೆಯುತ್ತಾರೆ. ಜೀವಕ್ಕೆ ಭಯವಿಲ್ಲ, ದನಿ ಉಳಿದರೆ ಉಳಿಯಿತು ಎಂದು ಡಾಕ್ಟರು ಹೇಳಿದ್ದರು.

ಅವಳ ಹಾಡಿಗೆ ಹನ್ನೆರಡು ನುಡಿ. ತಮ್ಮವರನ್ನು ಊರ ಬಾವಿಯ ಹತ್ತಿರ ಸೇರಿಸದಿದ್ದ ಕಾಲಕ್ಕೆ ತಮ್ಮ ಓಣಿಯಲ್ಲೇ ಬಾವಿ ತೋಡಿದ ಹನ್ನೆರಡು ಹೆಣ್ಣುಮಕ್ಕಳು, ನುಡಿಗೊಬ್ಬಳು. ಆ ಹೆಸರುಗಳನ್ನು ಬೇರೆ ಎಲ್ಲೂ ಬರೆದಿಲ್ಲ. ರುಕ್ಮಿಣಿಬಾಯಿ ಅದನ್ನು ತಾಯಿಯ ಪಕ್ಕ ಕೂತು ರೊಟ್ಟಿ ಬಡಿಯುತ್ತ ಕಲಿತಿದ್ದಳು. ಒಂದು ರೊಟ್ಟಿಗೆ ಒಂದು ನುಡಿ. ಬರಿಗೈಯಲ್ಲಿ ಕೂರಿಸಿದರೆ ಎರಡನೆಯವಳ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಬಡಿಯಲು ಬಿಟ್ಟರೆ ರೆಕಾರ್ಡಿನಲ್ಲಿ ಆ ಪಟಪಟ ಸದ್ದಿಗೆ ಹೆಸರು ಮುಳುಗುತ್ತದೆಂದು ಅಜಯಕುಮಾರ ಮೊದಲ ರೊಟ್ಟಿ ಅರ್ಧವಾಗುವುದರೊಳಗೇ ನಿಲ್ಲಿಸಿಬಿಡುತ್ತಿದ್ದ.

ಎಂಟು ತಿಂಗಳಿಂದ ಅವನು ಒಂದು ಡಬ್ಬಿಗಾಗಿ ಕಾಯುತ್ತಿದ್ದ. ಮನೆಯಲ್ಲೇ ಹಾಡಿ ರೆಕಾರ್ಡು ಮಾಡುವವರಿಗೆಂದು ಯಾವುದೋ ಕಂಪನಿ ತಯಾರಿಸುತ್ತಿದೆಯಂತೆ, ಇನ್ನೂ ಪೇಟೆಗೆ ಬಿಟ್ಟಿಲ್ಲವಂತೆ. ದನಿಯೊಂದನ್ನೇ ಹಿಡಿದು ಉಳಿದ ಸದ್ದನ್ನೆಲ್ಲ ಬಿಡುತ್ತದೆ ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಅದು ಬರೀ ಗಿಟಾರಿನವರಿಗೆ, ಮೈಕು ಸಿಗಿಸಲು ತೂತೇ ಇಲ್ಲ ಎಂದು ಇನ್ನೊಂದರಲ್ಲಿ ಹೇಳಿದರು. ಕದ್ದು ತೆಗೆದದ್ದೆಂದು ಹರಿದಾಡಿದ ಮೂರು ಫೋಟೋಗಳಲ್ಲಿ ಒಂದು ಡಬ್ಬಿ ಕಪ್ಪಗಿತ್ತು, ಒಂದು ಬೆಳ್ಳಗಿತ್ತು, ಮೂರನೆಯದು ಸೋಪಿನ ಡಬ್ಬಿಯೇ ಇದ್ದ ಹಾಗಿತ್ತು. ಆಳಂದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಜಹೀರುದ್ದೀನ ಮಾತ್ರ ತಿಂಗಳು ತಿಂಗಳೂ ಒಂದೇ ಮಾತು ಹೇಳುತ್ತಿದ್ದ: "ಬರೂ ತಿಂಗಳ ಪಕ್ಕಾ. ಹಳೇ ಫೋನಿನ್ಯಾಗ ಹಾಡು ಕೆಡಸಬ್ಯಾಡ, ತಡಿ."

ಅವನು ತಡೆದ. ಗಡ್ಡೆ ತಡೆಯಲಿಲ್ಲ.

"ಆತು ದೊಡ್ಡವ್ವ, ರೊಟ್ಟೀನೇ ಬಡಿ," ಎಂದ. "ಹಗೂರಕ ಬಡಿ ಅಷ್ಟೇ."

"ಹಗೂರಕ ಬಡದ್ರ ಅದು ರೊಟ್ಟಿ ಆಗ್ತದೇನೋ? ನಿಮ್ಮ ದೊಡ್ಡಪ್ಪ ಇದ್ದಿದ್ರ ತಾಟು ಒಗೀತಿದ್ದ." ಅವಳು ಆಗಲೇ ಕಟ್ಟಿಗೆಯ ಕೊಣಮಿಗೆಯಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದತೊಡಗಿದ್ದಳು. "ಹೆಂಗೂ ದವಾಖಾನಿಗೆ ಬುತ್ತಿ ಬೇಕು. ಹನ್ನೆರಡಕ್ಕ ಆಗೂವಷ್ಟೇ ಹಿಟ್ಟದ. ಮತ್ತ ನಿನ್ನ ಡಬ್ಬಿ ಬರ್ಲೇ ಇಲ್ಲೇನು?"

"ಬಂದದ ಅಂತಾರ, ಬಂದಿಲ್ಲ ಅಂತಾರ. ನನಗೂ ತಿಳೀವಲ್ದು."

"ಇಷ್ಟು ಕನ್ಯಾ ಹುಡುಕಿದ್ರ ಇಷ್ಟೊತ್ತಿಗೆ ಮದುವಿನರ ಆಗ್ತಿತ್ತು."

ಅವನು ಫೋನಿನ ಸದ್ದು ಬಂದ್ ಮಾಡಿದ, ರೆಕಾರ್ಡು ಒತ್ತಿದ, ಒಲೆಯ ಕಾವು ತಾಗದಂತೆ ಟವೆಲ್ಲಿನಲ್ಲಿ ಸುತ್ತಿ ಅವಳ ಬಾಯಿಗೆ ಹತ್ತಿರದ ಗೂಡಿನಲ್ಲಿಟ್ಟ. ಆಮೇಲೆ ಹೋಗಿ ಬಾಗಿಲಿಗೆ ಅಡ್ಡ ಕೂತ. ದೊಡ್ಡವ್ವ ಆಸ್ಪತ್ರೆಗೆ ಹೊರಟಿದ್ದಾಳೆಂದು ಮಾತಾಡಿಸಲು ಬರುವವರನ್ನು ಹೊರಗೇ ನಿಲ್ಲಿಸಬೇಕಿತ್ತು.

ಮೊದಲ ರೊಟ್ಟಿಗೆ ದನಿ ಒಡೆಯಿತು. ಎರಡನೆಯದಕ್ಕೆ ಸರಿಹೋಯಿತು. ಮೂರನೆಯದಕ್ಕೆ ಬಂದಾಗ ಅಜಯಕುಮಾರನಿಗೆ ಹೊಳೆಯಿತು: ಹೆಸರು ಬರುವಾಗ ಅವಳು ಬಡಿಯುತ್ತಲೇ ಇರಲಿಲ್ಲ. ಬಡಿದು ಮುಗಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವ ಆ ಒಂದು ಗಳಿಗೆಯಲ್ಲಿ, ಯಾವ ಸದ್ದೂ ಇಲ್ಲದಾಗ, ಹೆಸರು ಬೀಳುತ್ತಿತ್ತು. ಹಳೆಯ ಫೋನಿಗೂ ಕೇಳುವಷ್ಟು ಸ್ಪಷ್ಟವಾಗಿ. ಹಾಗಾದರೆ ಎಂಟು ತಿಂಗಳು ತಾನು ಯಾತಕ್ಕೆ ಕಾದೆ? ಆ ಗೊಂದಲದಲ್ಲೇ ಉಳಿದ ನುಡಿಗಳು ಕಿವಿಯ ಪಕ್ಕದಿಂದ ಹಾದುಹೋದವು. ಫೋನು ಹಿಡಿಯುತ್ತಿತ್ತಲ್ಲ.

ಹನ್ನೆರಡನೆಯ ರೊಟ್ಟಿ ಹಂಚಿನಿಂದ ಇಳಿಯುವಾಗ ಓಣಿಯ ತುದಿಯಲ್ಲಿ ಜೀಪಿನ ಹಾರ್ನು ಕೇಳಿತು. ರುಕ್ಮಿಣಿಬಾಯಿ ಗಂಟಲಿಗೆ ಕೈ ಒತ್ತಿಕೊಂಡು, "ಪೂರಾ ಬಂತಿಲ್ಲೋ?" ಎಂದಳು.

"ಪೂರಾ," ಎಂದ, ಟವೆಲ್ಲು ಬಿಚ್ಚುವ ಮೊದಲೇ.

ಜೀಪಿನಲ್ಲಿ ಕೂತ ಮೇಲೆ ಫೋನು ನೋಡಿದ. ಜಹೀರುದ್ದೀನನ ಮೂರು ಕರೆ ಬಂದು ಹೋಗಿದ್ದವು. ಹಾಕಿ ಕೇಳಿದರೆ, ಮೊದಲ ಕರೆಗೇ ರೆಕಾರ್ಡು ನಿಂತುಬಿಟ್ಟಿತ್ತು, ಮೂರನೆಯ ರೊಟ್ಟಿಯ ಹೆಸರು ನೀಲಬಾಯಿ ಮುಗಿದ ಮೇಲೆ. ಕರೆಗಳ ಕೆಳಗೆ ಅವನದೊಂದು ಸಂದೇಶ: "ಡಬ್ಬಿ ತಾರೀಕು ಫಿಕ್ಸ್ ಆತಪಾ!" ಹತ್ತು ನಿಮಿಷ ಬಿಟ್ಟು ಇನ್ನೊಂದು: "ಅದು ಬ್ಯಾರೇದಂತ. ಇನ್ನೊಂದು ತಿಂಗಳ ತಡಿ."

ಅಜಯಕುಮಾರ ಎರಡನ್ನೂ ಎರಡೆರಡು ಸಲ ಓದಿದ. ತೊಡೆಯ ಮೇಲೆ ರೊಟ್ಟಿಯ ಗಂಟಿತ್ತು.

"ದೊಡ್ಡವ್ವ, ಮೂರೇ ನುಡಿ ಬಂದಾವ. ನೀಲಬಾಯಿ ಆದಮ್ಯಾಲ ಯಾರು?"

ಅವಳು ಅವನನ್ನೇ ನೋಡಿದಳು. ಆಮೇಲೆ ಎರಡೂ ಕೈ ಎತ್ತಿ, ತನ್ನ ಮೊಣಕಾಲ ಮೇಲೆ ಮೊದಲಿನಿಂದ ಬಡಿಯತೊಡಗಿದಳು. ತುಟಿಗೆ ಭಾಗವ್ವ ಬಂದಳು. ಶೇವಂತಾ ಬಂದಳು. ಕೈ ನಿಂತಿತು. ಇನ್ನೊಮ್ಮೆ ಬಡಿದಳು, ಮತ್ತೆ ಅಲ್ಲೇ ನಿಂತಿತು. ಉಗುರಿನಲ್ಲಿ ಅಂಟಿದ್ದ ಹಿಟ್ಟು ಆಗಲೇ ಒಣಗಿತ್ತು. ಗಂಟಿನೊಳಗಿನ ರೊಟ್ಟಿಯ ಬಿಸಿ ಅಜಯಕುಮಾರನ ತೊಡೆಗೆ ತಾಗುತ್ತಿತ್ತು.

"ಬರ್ತದಲ್ಲೋ ನಿನ್ನ ಡಬ್ಬಿ," ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ಅದನ್ನೇ ಕೇಳು."