ಕೊಲೆಗಾರನ ಮನೆಯ ಸಕ್ಕರೆ

ಮುಂದಿಟ್ಟ ಚಹಾವನ್ನು ಶಕುಂತಲಾಬಾಯಿ ಮುಟ್ಟಲಿಲ್ಲ. ಮಾತು ಗಟ್ಟಿಯಾಗುವ ತನಕ ಹೆಣ್ಣಿನ ಮನೆಯಲ್ಲಿ ಹನಿ ನೀರೂ ಕುಡಿಯಬಾರದೆಂಬ ರಿವಾಜು ಅವಳ ಪುಣ್ಯಕ್ಕೆ ಇತ್ತು. ಇಲ್ಲದಿದ್ದರೂ ಈ ಮನೆಯ ಚಹಾ ಯಾರು ಕುಡಿದಾರು? ಹುಮನಾಬಾದಿನ ಇದೇ ಪಡಸಾಲೆಯಲ್ಲಿ ಹುಡುಗಿಯ ಅಪ್ಪ ಮಡೆಪ್ಪ ದಾರಿಹೋಕರನ್ನು ಕೂಡಿಸಿ, ಚಹಾದಲ್ಲಿ ದತ್ತೂರಿ ವಿಷ ಬೆರೆಸಿ, ಐವರನ್ನು ಮುಗಿಸಿ ಹಿತ್ತಿಲಲ್ಲಿ ಹೂತಿದ್ದ. ಎಂಬತ್ತೆರಡನೇ ಇಸವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡು ವರ್ಷ ಕಳೆದರೂ ಊರವರು ಈ ಕಡೆ ಹಾಯುತ್ತಿರಲಿಲ್ಲ.

ಶಕುಂತಲಾಬಾಯಿ ಸೆರಗನ್ನು ಒಳಗೆಳೆದುಕೊಂಡು ಕೂತಳು. ಗೋಡೆ, ಚಾಪೆ, ಸೀರೆಯ ಅಂಚು ತಾಗಿದ ನೆಲ, ಎಲ್ಲವೂ ಹೇಸಿಗೆ. ಆದರೆ ಎದ್ದು ಹೋಗುವಂತಿರಲಿಲ್ಲ. ಮಗ ಬಸವಣಪ್ಪನಿಗೆ ನಲವತ್ತು ಸಮೀಪಿಸಿತ್ತು. ತಮ್ಮೂರು ಬಸವಕಲ್ಯಾಣದ ಸುತ್ತ ಅವನಿಗೆ ಹೆಣ್ಣು ಕೊಡುವವರೇ ಇರಲಿಲ್ಲ. ಈ ಸಂಬಂಧ ಕುದುರಿಸಿಕೊಂಡೇ ಹೋಗಬೇಕಿತ್ತು.

ಮಡೆಪ್ಪನ ಹೆಂಡತಿ ಲಲಿತಾಬಾಯಿ ಹುಡುಗನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳುವ ಬಾಯಿ ಅವಳಿಗೆಲ್ಲಿತ್ತು? ತನ್ನ ಕಥೆಯನ್ನೇ ತೋಡಿಕೊಂಡಳು.

“ಇಪ್ಪತ್ತು ವರ್ಷ ಒಂದೇ ಮನ್ಯಾಗ ಇದ್ದೆ ಅಕ್ಕಾರ. ನನಗೇನೂ ಗೊತ್ತಾಗಲಿಲ್ರಿ.”

ಎಂಥ ಹಸಿ ಸುಳ್ಳು, ಎಂದುಕೊಂಡಳು ಶಕುಂತಲಾಬಾಯಿ. “ನಮ್ಮ ಮನ್ಯಾಗ ನನಗ ಗೊತ್ತಿಲ್ದಂಗ ಏನೂ ನಡಿಯೂದಿಲ್ಲ ನೋಡ್ರಿ,” ಎಂದು ಕಡ್ಡಿ ಮುರಿದಂತೆ ಹೇಳಿದಳು.

ಆಮೇಲೆ ಬಂಧುಬಳಗ ವಿಚಾರಿಸಿದಳು. ಹುಡುಗಿಗೆ ಅಣ್ಣತಮ್ಮಂದಿರಿಲ್ಲ. ಸೋದರಮಾವಂದಿರು ಸಂಬಂಧ ಕಡಿದುಕೊಂಡಿದ್ದರು. ಹೆದ್ದಾರಿಗೆ ಹತ್ತಿದ ಮೂರು ಎಕರೆ ಹೊಲ ಹುಡುಗಿಯ ಹೆಸರಿಗಿದೆ ಎಂದು ಲಲಿತಾಬಾಯಿ ತಾನಾಗಿಯೇ ಹೇಳಿದಳು. ಅದೆಲ್ಲ ಆಮೇಲೆ ನೋಡೋಣ, ನಮಗೆ ಹುಡುಗಿ ಬಂದರೆ ಸಾಕು ಎಂದಳು ಶಕುಂತಲಾಬಾಯಿ.

ಹುಡುಗಿ ಸುಂದರಬಾಯಿ ಬಂದು ಕಾಲಿಗೆರಗಿದಳು. ಬಿಸಿ ತಾಗಿದವಳಂತೆ ಶಕುಂತಲಾಬಾಯಿ ಕಾಲು ಹಿಂದಕ್ಕೆಳೆದುಕೊಂಡಳು. ಎಷ್ಟಾದರೂ ಆ ಪಾಪಿಯ ರಕ್ತ.

“ಅಪ್ಪನ ಸುದ್ದಿ ಗೊತ್ತಿದ್ದೂ ಬಂದೀರಿ,” ಎಂದಳು ಹುಡುಗಿ, ತಲೆ ಎತ್ತದೆ. “ನಾ ಸಾಯೂತನಕ ನಿಮ್ಮ ಮನಿ ಬಿಡೂದಿಲ್ರಿ.”

ಮಾತು ಗಟ್ಟಿಯಾಯಿತು. ಇನ್ನು ಸಕ್ಕರೆ ತಿನ್ನಲೇಬೇಕು. ಲಲಿತಾಬಾಯಿ ಅಳುತ್ತಳುತ್ತ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿದಳು. ಶಕುಂತಲಾಬಾಯಿ ಕಣ್ಣು ಮುಚ್ಚಿ ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ನಗುತ್ತ ಹೊರಬಿದ್ದಳು.

ಬಸ್ ನಿಲ್ದಾಣದಲ್ಲಿ ಬಸವಣಪ್ಪ ಕಾಯುತ್ತಿದ್ದ. ಅವಳು ಮೊದಲು ನಳದ ಹತ್ತಿರ ಹೋಗಿ ಉಗುಳಿದಳು. ಬಾಯಿ ಮುಕ್ಕಳಿಸಿ, ಕಾಲು ತಿಕ್ಕಿ ತಿಕ್ಕಿ ತೊಳೆದಳು. ಕೊಲೆಗಡುಕರ ಮನೆಯ ಬೀಗತನ, ಥೂ, ಮಾನವಂತರಿಗೆ ಎಂಥ ಕಾಲ ಬಂತು ಎಂದು ಗೊಣಗಿದಳು. ಅಷ್ಟು ಹೇಸಿಗೆಯಾದರೆ ಬಿಟ್ಟುಬಿಡೋಣ ಎಂದ ಮಗ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಹೊಲ ನಿನ್ನ ಹೆಸರಿಗೆ ಆಗೂತನಕ ತಡಕೋ. ಆದರ ಈ ಸಲ ಸ್ಟೋವ್ ಬ್ಯಾಡಪ್ಪ. ಮೊದಲಿನ ಮೂರೂ ಹೆಣ್ತೇರು ಸ್ಟೋವ್ ಸಿಡಿದು ಸತ್ತರು ಅಂದೇವಿ, ನಾಕನೇದು ಮಂದಿ ನಂಬೂದಿಲ್ಲ. ಈಕಿಗೆ ಬಾವಿ ಆಗಲಿ.”