ತೋಳಿಲ್ಲದ ಅಮ್ಮ

ಬಿಸಿ ಅರಗಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳಿಗೆ ಜೇಡಿಮಣ್ಣು ನೆನಪಾಗುತ್ತದೆ.

ಅವತ್ತು ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಎಲ್ಲರಿಗೂ ಒಂದೊಂದು ಮುದ್ದೆ ಜೇಡಿಮಣ್ಣು ಕೊಟ್ಟು, ಮನೆಯವರಲ್ಲಿ ಒಬ್ಬರನ್ನು ಮಾಡಿ ಎಂದಿದ್ದರು. ಎಲ್ಲರಿಗಿಂತ ಮೊದಲು ನಾನು ಅಮ್ಮನನ್ನು ಮಾಡಿ ಮುಗಿಸಿದೆ. ಗುಂಡು ತಲೆ, ಗಂಟೆಯಂಥ ಮೈ, ನುಣ್ಣಗೆ ತೀಡಿದ ಕೆನ್ನೆ. ಮೇಡಂ ಅದನ್ನು ಅಂಗೈ ಮೇಲೆ ತಿರುಗಿಸಿ ನೋಡಿದರು.

"ಚೆನ್ನಾಗಿದೆ. ಆದರೆ ನಿಮ್ಮಮ್ಮನಿಗೆ ಕೈ ಎಲ್ಲಿ?"

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅಮ್ಮ ದಿನವಿಡೀ ಕಡೆಯುತ್ತಿದ್ದ ಮರದ ಬೊಂಬೆಗಳಿಗೆ ಕೈ ಇರುತ್ತಿರಲಿಲ್ಲ. ಲೇತಿನಲ್ಲಿ ಗರಗರ ತಿರುಗುವ ಮರಕ್ಕೆ ತೋಳು ಮೂಡುವುದಾದರೂ ಹೇಗೆ? ಮನುಷ್ಯರನ್ನು ಮಾಡುವುದೆಂದರೆ ಹಾಗೆಯೇ ಎಂದುಕೊಂಡಿದ್ದೆ.

"ಮನೆಗೆ ಹೋಗಿ ಸರಿಯಾಗಿ ನೋಡು," ಎಂದರು ಮೇಡಂ.

ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಲೇತಿನ ಎದುರು ಕೂತೆ. ಅಮ್ಮ ತಿರುಗುವ ಬೊಂಬೆಗೆ ಹಳದಿ ಅರಗಿನ ಕಡ್ಡಿ ಒತ್ತುತ್ತಿದ್ದಳು. ಒತ್ತಿ ಒತ್ತಿ ಅವಳ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಅದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕ್ ಮಗಾ, ಅಂಗ್ ನೋಡ್ತಿದ್ದೀಯ?"

"ನಿನ್ನ ಮಾಡ್ಬೇಕು. ಕೈ ಸಮೇತ."

"ನನ್ನೇನ್ ಮಾಡೀಯ? ಚೆಂದಾಗಿರೋರ್ನ ಯಾರ್ನಾದ್ರೂ ಮಾಡೋಗು," ಎಂದು ನಕ್ಕಳು.

ನಾನು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಲೇತಿನ ಸದ್ದು ನಿಂತಿತು. ಅಮ್ಮ ಮೈಮೇಲಿನ ಮರದ ಪುಡಿ ಕೊಡವಿ, ಸೆರಗಿನಿಂದ ಮುಖ ಒರೆಸಿಕೊಂಡು, ಫೋಟೊಗೆ ಕೂತವಳಂತೆ ನೆಟ್ಟಗೆ ಕೂತಳು. ಎರಡೂ ಕೈಗಳನ್ನು ಮಡಿಲ ಮೇಲೆ ನನಗೆ ಕಾಣುವಂತೆ ಇಟ್ಟಳು.

"ಈ ಹೆಬ್ಬೆಟ್ಟು ಒಸಿ ಸೊಟ್ಟ ಐತೆ," ಎಂದಳು. "ನೆಟ್ಗೆ ಮಾಡ್ಬುಡ್ಬ್ಯಾಡ."