ಮೂರನೆಯ ಪ್ರಕಟಣೆ

ಪಾದ್ರಿ ಚರ್ಚಿನಲ್ಲಿ ಮೂರನೆಯ ಭಾನುವಾರವೂ ಮದುವೆಯ ಪ್ರಕಟಣೆ ಓದಿ, "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಿದರು.

"ನಂದೈತ್ರಿ" ಎಂದು ಎದ್ದು ನಿಂತವಳು ಮದುಮಗನ ತಾಯಿ.

ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. "ಅತ್ತಿ ಕಾಟ ಈಗ್ಲೇ ಶುರುವಾತು."

"ಹುಡುಗಿ ಮನಸಿಗೆ ಬಂದಿಲ್ಲೇನವ್ವಾ?" ಪಾದ್ರಿ ಕೇಳಿದರು.

"ಬಂಗಾರದಂಥಾ ಹುಡುಗಿ ರೀ."

"ಕುಂದ್ರ ಸುಮ್ನ!" ಗಂಡಸರ ಸಾಲಿನಿಂದ ಅವಳ ಗಂಡ ಗುಡುಗಿದ.

"ಗಂಡ ಹೇಳಿದ್ದು ಕೇಳಬೇಕವ್ವಾ" ಎಂದರು ಪಾದ್ರಿ. "ಹೆಂಡತಿಗೆ ಗಂಡನೇ ಶಿರಸ್ಸು ಅಂತ ದೇವರ ವಾಕ್ಯದಾಗ ಐತಿ."

ಅವಳು ತಲೆಯ ಮೇಲಿನ ಸೆರಗು ಸರಿಸಿದಳು. ಕೂದಲು ಬೋಳಿಸಿದ ಜಾಗದಲ್ಲಿ ಒಂಬತ್ತು ಹಸಿ ಹೊಲಿಗೆಗಳಿದ್ದವು.

"ಮೊನ್ನೆ ನನ್ನ ಗಂಡ ಬಡಿಗೀಲೆ ಹೊಡಿಯೋವಾಗ, ನಾ ಓಡಿ ಹೋಗದಂಗ ಎರಡೂ ಕೈ ಗಟ್ಟಿ ಹಿಡಕೊಂಡಿದ್ದಾಂವ ಈ ಮದುಮಗ."